ಉಸಿರಾಡುವ ಡೇರೆ

ಕಲ್ಲುಮಣ್ಣಿನ ಮನೆಯನ್ನು ಕಟ್ಟಿಸುವಾಗ ನಾವು ಹತ್ತಾರು ಮಂದಿಯನ್ನು ವಿಚಾರಿಸುತ್ತೇವೆ. ಬಟ್ಟೆಯ ಮನೆಯನ್ನು ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ನೋಡಿ ತೃಪ್ತರಾಗುತ್ತೇವೆ. ನಾನೂ ಹಾಗೆಯೇ ಇದ್ದವನು. ಕಳೆದ ಧನುರ್ಮಾಸದಲ್ಲಿ ಏಳು ಮಂದಿಯ ಕಾಲ್ನಡಿಗೆಯ ಪ್ರವಾಸಕ್ಕೆ ಡೇರೆಗಳನ್ನು ಆರಿಸುವ ಹೊಣೆ ನನ್ನ ಮೇಲೆ ಬಿದ್ದಾಗ, ಅದು ಸಂಸಾರ ಹೂಡುವಷ್ಟೇ ಸೂಕ್ಷ್ಮವಾದ ಕೆಲಸವೆಂದು ತಿಳಿಯಿತು.

ನಮ್ಮ ತಂದೆಯವರಿಗೆ ಆಗ ಎಪ್ಪತ್ತು ನಡೆಯುತ್ತಿತ್ತು. ಭೀಮರಥ ಶಾಂತಿಯ ಮಾತೆತ್ತಿದರೆ, “ಶಾಂತಿ ಆಮೇಲೆ ಆಗಲಿ. ಮೊದಲು ಎಲ್ಲರೂ ಕೂಡಿ ಕಳಸದ ಕಡೆಯ ಗುಡ್ಡ ಹತ್ತೋಣ. ಒಂದು ರಾತ್ರಿ ಅಲ್ಲಿಯೇ ಇದ್ದು ಸೂರ್ಯೋದಯ ನೋಡಬೇಕು” ಎಂದರು. ‘ಎಲ್ಲರೂ ಕೂಡಿ’ ಎಂಬುದನ್ನು ಅವರು ಒತ್ತಿ ಹೇಳಿದ್ದೇಕೆಂದು ಎಲ್ಲರಿಗೂ ಗೊತ್ತಿತ್ತು. ತಾಯಿ ತೀರಿಕೊಂಡ ಮರುವರ್ಷವೇ ನಾನೂ ಅಣ್ಣನೂ ಪಾಲಾಗಿದ್ದೆವು. ಜಗಳವೆನ್ನುವಂಥದೇನೂ ನಡೆದಿರಲಿಲ್ಲ, ಮಾತು ಕಡಿಮೆಯಾಗಿತ್ತು, ಅಷ್ಟೆ. ಹಬ್ಬಕ್ಕೆ ಹೋದರೂ ಉಂಡು ಹೊರಟುಬಿಡುವುದು ವಾಡಿಕೆಯಾಯಿತು. ನಾವಿಬ್ಬರೂ ಒಂದು ಸೂರಿನ ಕೆಳಗೆ ಮಲಗಿ ನಾಲ್ಕು ವರ್ಷ ಕಳೆದಿದ್ದವು.

ಅರಣ್ಯದಲ್ಲಿ ರಾತ್ರಿ ತಂಗುವುದಕ್ಕೆ ಇಲಾಖೆಯ ಅನುಮತಿ ಬೇಕಾದುದರಿಂದ, ದಾಯಾದಿಗಳ ಕಾಫಿ ತೋಟದ ಮೇಲಿರುವ ಅವರದೇ ಹುಲ್ಲುಬಯಲಿನಲ್ಲಿ ಬಿಡಾರ ಹೂಡುವುದೆಂದು ನಿಶ್ಚಯವಾಯಿತು. ರಸ್ತೆಯಿಂದ ಮೂರು ಗಂಟೆಯ ಏರುದಾರಿ; ಹೊರೆಯನ್ನೆಲ್ಲ ನಾವೇ ಹೊರಬೇಕು.

“ಎಂಟು ಜನರ ಒಂದೇ ಡೇರೆ ಸಾಕು. ಒಟ್ಟಿಗಿರಬೇಕೆಂಬುದೇ ಅಲ್ಲವೇ ಅಪ್ಪನ ಆಸೆ?” ಎಂಬುದು ಅಣ್ಣನ ವಾದ. ಅದರಲ್ಲಿ ನ್ಯಾಯವಿತ್ತು. ಪರಿಚಿತರೊಬ್ಬರಿಂದ ಅಂಥದನ್ನೇ ಎರವಲು ತಂದು, ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಹೂಡಿ ನೋಡಿದೆವು. ಅದರ ತೂಕವೇ 14 ಕಿಲೋ. ಬಟ್ಟೆ ಒಂದೇ ಪದರದ್ದು. ಅಣ್ಣ ಹಗ್ಗ ಬಿಗಿದುಕೊಟ್ಟು ತನ್ನ ಮನೆಗೆ ಹೊರಟುಹೋದ. ಉಳಿದವರಲ್ಲಿ ಐವರು, ಚಳಿಗೂ ಸೊಳ್ಳೆಗೂ ಹೆದರಿ, ಇದ್ದ ಕಿಂಡಿಗಳನ್ನೆಲ್ಲ ಮುಚ್ಚಿಕೊಂಡು ಮಲಗಿದೆವು.

ಬೆಳಗಾಗುವಾಗ ಮುಖದ ಮೇಲೆ ತಣ್ಣನೆಯ ಹನಿ ಬಿದ್ದು ಎಚ್ಚರವಾಯಿತು. ಕಂಬಳಿಯ ಅಂಚುಗಳು ಒದ್ದೆಯಾಗಿದ್ದವು. ಸುದ್ದಿ ಕೇಳಿ ಬಂದ ಅಣ್ಣ, “ಬಟ್ಟೆ ಸೋರುತ್ತದೆ, ಮೋಸದ ಮಾಲು” ಎಂದ. ರಾತ್ರಿ ಮಳೆಯೇ ಬಂದಿರಲಿಲ್ಲ. ತಂದೆಯವರು ಒಳಗಿನ ಮೇಲ್ಭಾಗವನ್ನು ಬೆರಳಿನಿಂದ ಸವರಿ, “ಇದು ಹೊರಗಿನ ನೀರಲ್ಲಪ್ಪ. ನಮ್ಮದೇ ಉಸಿರು” ಎಂದರು.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದವರಿಗೆಲ್ಲ ಇದು ತಿಳಿದ ಸಂಗತಿಯೇ. ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಮಲಗಿದವರ ಮೇಲೆಯೇ ಇಳಿಯುತ್ತದೆ. 1911ರ ಚಳಿಗಾಲದಲ್ಲಿ ಸ್ಕಾಟನ ತಂಡದ ವಿಲ್ಸನ್, ಬವರ್ಸ್, ಚೆರಿ-ಗ್ಯಾರಾರ್ಡ್ ಎಂಬ ಮೂವರು ಪೆಂಗ್ವಿನ್ ಹಕ್ಕಿಯ ಮೊಟ್ಟೆಗಳಿಗಾಗಿ ದಕ್ಷಿಣಧ್ರುವ ಖಂಡದ ಕತ್ತಲೆಯಲ್ಲಿ ಕ್ರೋಜಿಯರ್ ಭೂಶಿರಕ್ಕೆ ನಡೆದರು. ಅವರ ಬೆವರೂ ಉಸಿರೂ ಮಲಗುವ ಚೀಲಗಳಲ್ಲಿಯೇ ಹೆಪ್ಪುಗಟ್ಟಿ, ಹಿಂದಿರುಗುವ ವೇಳೆಗೆ ಚೆರಿ-ಗ್ಯಾರಾರ್ಡನ ಚೀಲ ಹೊರಟಾಗಿನ ಎರಡರಷ್ಟಕ್ಕಿಂತಲೂ ಹೆಚ್ಚು ಭಾರವಾಗಿತ್ತು. ಮಧ್ಯದಲ್ಲಿ ಬಿರುಗಾಳಿ ಅವರ ಡೇರೆಯನ್ನೇ ಹಾರಿಸಿಕೊಂಡು ಹೋಯಿತು. ಅದು ಮತ್ತೆ ಸಿಕ್ಕಿದ್ದರಿಂದ ಮೂವರ ಜೀವವೂ ಉಳಿಯಿತು. ನಮ್ಮದು ಅಂಥ ಸಾಹಸವೇನೂ ಆಗಿರಲಿಲ್ಲ. ಆದರೂ ಎಪ್ಪತ್ತರ ದೇಹವನ್ನು ಒದ್ದೆ ಕಂಬಳಿಯಲ್ಲಿ ಮಲಗಿಸುವುದು ಉಂಟೇ?

ಅಂದಿನಿಂದ ನಾನು ಡೇರೆಯ ವಿದ್ಯಾರ್ಥಿಯಾದೆ. ಮೊದಲು ಕಲಿತದ್ದು ಎರಡು ಪದರದ ಗುಣ. ಒಳಗಿನದು ಗಾಳಿಯಾಡುವ ತೆಳುಬಟ್ಟೆ, ಹೊರಗಿನದು ನೀರು ತಡೆಯುವ ಬಟ್ಟೆ; ನಡುವೆ ಅಂತರವಿರಬೇಕು. ಹನಿ ಹೊರಬಟ್ಟೆಯ ಮೇಲೆ ಕಟ್ಟಿ, ಅಂಚಿನ ಕಡೆಗೆ ಜಾರಿ ನೆಲ ಸೇರುತ್ತದೆ. ಎರಡೂ ಒಂದಕ್ಕೊಂದು ತಾಗಿದ ಕಡೆ ಮಾತ್ರ ಒದ್ದೆ ಒಳಗೆ ಬರುತ್ತದೆ. ಎರಡನೆಯದು ಅಳತೆ. ‘ಮೂವರ ಡೇರೆ’ ಎಂದು ಬರೆದಿದ್ದರೆ ಇಬ್ಬರೆಂದೇ ತಿಳಿಯತಕ್ಕದ್ದು. ಒಬ್ಬೊಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಗಲವನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ, ಗಂಟುಮೂಟೆಗೆ ಜಾಗವಿರುವುದಿಲ್ಲ. ಬಟ್ಟೆಯ ಮೇಲೆ 3000 ಮಿಲಿಮೀಟರ್ ಎಂದಿದ್ದರೆ, ಅಷ್ಟೆತ್ತರದ ನೀರಿನ ಒತ್ತಡವನ್ನು ಅದು ತಡೆಯುತ್ತದೆಂದು ಅರ್ಥ. ಕೋಲುಗಳು ಅಲ್ಯೂಮಿನಿಯಮ್ಮಿನವಾದರೆ ಒಳ್ಳೆಯದು. ಗಾಜಿನ ನಾರಿನವು ಅಗ್ಗ, ಆದರೆ ಹೆಚ್ಚು ತೂಕ, ಮುರಿದರೆ ಸೀಳಿಹೋಗುತ್ತವೆ.

ಕೊನೆಗೆ ನಾಲ್ವರದೊಂದು, ಮೂವರದೆರಡು, ಹೀಗೆ ಮೂರು ಡೇರೆಗಳನ್ನು ಆರಿಸಿದೆ. ಒಟ್ಟು 10 ಕಿಲೋ. ಕೋಲು ಒಬ್ಬರಿಗೆ, ಬಟ್ಟೆ ಒಬ್ಬರಿಗೆ ಎಂದು ಹಂಚಿಕೊಂಡರೆ ಯಾರಿಗೂ ಭಾರವಿಲ್ಲ. ಅಣ್ಣನ ಮುಖ ಸಪ್ಪಗಾಯಿತು. “ಅಲ್ಲಿಯೂ ಪಾಲೇ?” ಎಂದ. ಆ ಮಾತು ನನಗೆ ನಾಟಿತು, ಉತ್ತರ ಹೊಳೆಯಲಿಲ್ಲ.

ಗುಡ್ಡದ ಮೇಲೆ ಡೇರೆಗಳನ್ನು ಮುಖಾಮುಖಿಯಾಗಿ ಹೂಡಿದೆವು. ಮಲಗುವ ಏರ್ಪಾಡನ್ನು ತಂದೆಯವರೇ ಮಾಡಿದರು. ಅತ್ತಿಗೆ, ನನ್ನ ಹೆಂಡತಿ, ಮಗಳು ದೊಡ್ಡದರಲ್ಲಿ. ಅಣ್ಣನ ಮಗನೊಡನೆ ತಾವು ಒಂದರಲ್ಲಿ. “ನೀವಿಬ್ಬರೂ ಅದರಲ್ಲಿ ಮಲಗಿ. ಕಿಂಡಿ ಮುಚ್ಚಬೇಡಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಬಹಳ ಹೊತ್ತು ಇಬ್ಬರೂ ಸುಮ್ಮನೆ ಬಿದ್ದುಕೊಂಡಿದ್ದೆವು. ಎಷ್ಟೋ ಹೊತ್ತಿನ ಮೇಲೆ ಅಣ್ಣ, “ನಿದ್ರೆ ಬಂತೇನೋ?” ಎಂದ.

“ಇಲ್ಲ ಅಣ್ಣ.”

“ಅಮ್ಮನ ಕೊಳದಪ್ಪಲೆಯನ್ನು ಆ ದಿನ ನಾನು ಕೇಳದೆಯೇ ತೆಗೆದುಕೊಂಡು ಹೋಗಬಾರದಾಗಿತ್ತು.”

ನಾಲ್ಕು ವರ್ಷ ನನ್ನ ಮನಸ್ಸಿನಲ್ಲಿ ಹನಿಗಟ್ಟಿದ್ದೂ ಅದೇ. ಬಾಯಿ ಬಿಟ್ಟು ಒಂದು ದಿನವೂ ಹೇಳಿರಲಿಲ್ಲ. “ನಿನ್ನಲ್ಲಿಯೇ ಇರಲಿ ಅಣ್ಣ. ಸಂಕ್ರಾಂತಿಗೆ ಅತ್ತಿಗೆ ಅದರಲ್ಲಿ ಹುಗ್ಗಿ ಮಾಡಲಿ, ನಾವು ಬರುತ್ತೇವೆ” ಎಂದೆ.

“ಉಂಡು ಓಡಬೇಡ. ರಾತ್ರಿ ಇದ್ದು ಹೋಗು.”

ಬೆಳಗ್ಗೆ ಎದ್ದು ನೋಡಿದರೆ ಹೊರಬಟ್ಟೆಯ ಒಳಮೈಯೆಲ್ಲ ಹನಿ. ನಮ್ಮ ಕಂಬಳಿಗಳು ಬೆಚ್ಚಗೆ, ಒಣಗಿಯೇ ಇದ್ದವು. ತಂದೆಯವರು ಆಗಲೇ ಎದ್ದು ಮೂಡಲ ಕಡೆ ಮುಖಮಾಡಿ ಕುಳಿತಿದ್ದರು. ನಾವಿಬ್ಬರೂ ಹೋಗಿ ಅವರ ಎರಡು ಪಕ್ಕದಲ್ಲಿ ಕುಳಿತೆವು.

ಡೇರೆ ಕೊಳ್ಳುವ ವಾಚಕರಿಗೆ ನನ್ನ ಬಿನ್ನಹವಿಷ್ಟೆ: ಮಳೆಯ ಭಯವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಡಿ. ಎರಡು ಪದರದ ನಡುವೆ ಅಂತರವುಂಟೇ, ಉಸಿರು ಹೋಗಲು ಕಿಂಡಿಯುಂಟೇ ಎಂಬುದನ್ನು ಮೊದಲು ನೋಡಿ. ಸಂಕ್ರಾಂತಿಗೆ ನಾವು ಅಣ್ಣನ ಮನೆಯಲ್ಲಿ ಎರಡು ರಾತ್ರಿ ಇದ್ದು ಬಂದೆವು.