ಐದನೇ ಲೈನ್ ಮನೆಯ ಮುದುಕ

ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕಾಫಿ ತೋಟದ ನಡುವೆ ಬೆಳೆದವರಿಗೆ ಇದು ಗೊತ್ತು. ಗಾಳಿಗೆ ಒಂದು ಸಿಲ್ವರ್ ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ. ಆಗ ಮೊಮ್ಮಕ್ಕಳೆಲ್ಲ ಬಚ್ಚಲೊಲೆಯ ಮುಂದೆ ಕೂತು, ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಂಡು ಅಜ್ಜಿಯ ಕತೆ ಕೇಳುತ್ತಿದ್ದೆವು. ಕೊಳ್ಳಿದೆವ್ವದ ಕತೆ, ಹಳ್ಳದ ಮೋಹಿನಿಯ ಕತೆ, ಕೊನೆಗೆ ಯಾವಾಗಲೂ ಐದನೇ ಲೈನ್ ಮನೆಯ ಮುದುಕನ ಕತೆ.

ಕೂಲಿಯವರ ಲೈನಿನಲ್ಲಿ ಕೊನೆಯ ಆ ಮನೆ ಖಾಲಿ ಬಿದ್ದಿತ್ತು. "ಕತ್ಲಾದ್ಮೇಲೆ ಆ ಕಡೆ ಹೋಗ್ಬೇಡ್ರೋ, ಮುದ್ಕ ಜಗಲಿ ಮೇಲೆ ಕೂತಿರ್ತಾನೆ. ಬೀಡಿ ಕೇಳ್ತಾನೆ" ಅನ್ನುತ್ತಿದ್ದಳು ಅಜ್ಜಿ. ನಾವು ಹಗಲಲ್ಲೂ ಆ ಕಡೆ ಹೋಗುತ್ತಿರಲಿಲ್ಲ.

ಹಾಸನದಲ್ಲಿ ಓದುವಾಗ ರೂಮ್‌ಮೇಟ್ ಒಬ್ಬ ಹಳೆಯ ಇಂಗ್ಲಿಷ್ ದೆವ್ವದ ಸಿನಿಮಾಗಳ ಹುಚ್ಚು ಹಿಡಿಸಿದ. ಒಂದೇ ಚಿತ್ರದಲ್ಲಿ ನಾಲ್ಕೈದು ಕತೆ, ಅವನ್ನೆಲ್ಲ ಹೊಲಿಯುವ ಹೊರಗಿನ ಇನ್ನೊಂದು ಕತೆ. ಬ್ರಿಟನ್ನಿನ ಈಲಿಂಗ್ ಸ್ಟುಡಿಯೋ 1945ರಲ್ಲಿ ತೆಗೆದ 'ಡೆಡ್ ಆಫ್ ನೈಟ್' ಈ ಬಗೆಯ ಹಿರಿಯಜ್ಜ. ಅದನ್ನು ಮೆಚ್ಚಿದ್ದ ಮಿಲ್ಟನ್ ಸಬೋಟ್‌ಸ್ಕಿ, ಮ್ಯಾಕ್ಸ್ ರೋಸೆನ್‌ಬರ್ಗ್ ಜೊತೆ ಸೇರಿ ಆಮಿಕಸ್ ಕಂಪನಿಯಿಂದ ಇಂಥ ಚಿತ್ರಗಳ ಸಾಲನ್ನೇ ತೆಗೆದರು. ಇಬ್ಬರೂ ಅಮೆರಿಕದವರು, ಆದರೆ ಚಿತ್ರಗಳು ಮಾತ್ರ ಇಂಗ್ಲೆಂಡಿನ ಮಂಜಿನಷ್ಟೇ ಇಂಗ್ಲಿಷ್.

ಆ ಸಾಲಿನ ಮೊದಲನೆಯದು 1965ರ 'ಡಾಕ್ಟರ್ ಟೆರರ್ಸ್ ಹೌಸ್ ಆಫ್ ಹಾರರ್ಸ್'. ರೈಲಿನ ಡಬ್ಬಿಯಲ್ಲಿ ಐದು ಜನ ಅಪರಿಚಿತರು. ಪೀಟರ್ ಕುಶಿಂಗ್ ಒಬ್ಬೊಬ್ಬರಿಗೂ ಎಲೆ ತೆಗೆದು ಭವಿಷ್ಯ ಹೇಳುತ್ತಾನೆ. ಕೊನೆಗೆ ತಿಳಿಯುತ್ತದೆ, ರೈಲು ಆಗಲೇ ಅಪಘಾತವಾಗಿದೆ, ಕೇಳುತ್ತಿದ್ದವರೆಲ್ಲ ಸತ್ತಿದ್ದಾರೆ. ಅದನ್ನು ನೋಡಿದ ಮೇಲೆ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಘಾಟಿ ಇಳಿಯುವ ರೈಲಿನಲ್ಲಿ ಕೂತಾಗಲೆಲ್ಲ ಎದುರಿನವರ ಮುಖ ನೋಡುತ್ತೇನೆ. ಆ ದಾರಿಯಲ್ಲಿ 57 ಸುರಂಗಗಳಿವೆ. ಒಂದೊಂದು ಕತ್ತಲಿಗೂ ಒಂದೊಂದು ಕತೆ ಹೇಳಬಹುದು.

ಕತೆಯೊಳಗೆ ಕತೆ ಕಟ್ಟುವುದು ನಮಗೇನು ಹೊಸದೇ? ಹೆಗಲ ಮೇಲಿನ ಹೆಣದೊಳಗಿಂದ ಬೇತಾಳ ಇಪ್ಪತ್ತೈದು ಕತೆ ಹೇಳಿಲ್ಲವೇ? ಪ್ರತಿ ಕತೆಯ ಕೊನೆಗೂ ಒಂದು ಪ್ರಶ್ನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಆಮಿಕಸ್‌ನ ಚಿತ್ರಗಳಲ್ಲೂ ಕತೆ ಹೇಳುವವನು ಕೇಳುವವನಿಂದ ಲೆಕ್ಕ ಕೇಳುತ್ತಾನೆ. ಆಗಿನ ಮೇಕಪ್ಪು, ಕತ್ತರಿಸಿ ಬಿದ್ದ ರಬ್ಬರ್ ಕೈ ಇವತ್ತು ನಗು ಬರಿಸುತ್ತವೆ. ಲೆಕ್ಕ ಕೇಳುವ ಆ ಗತ್ತು ಮಾತ್ರ ಹಳತಾಗಿಲ್ಲ. ಇಪ್ಪತ್ತು ನಿಮಿಷದ ಆಸುಪಾಸಿನ ಒಂದು ಕತೆಯಲ್ಲಿ ಒಬ್ಬ ತಪ್ಪು ಮಾಡುತ್ತಾನೆ, ತಪ್ಪು ತಿರುಗಿ ಬರುತ್ತದೆ. ಬಚ್ಚಲೊಲೆಯ ಮುಂದೆ ಹೇಳುವ ಕತೆಯ ಅಳತೆಯೂ ಅಷ್ಟೇ.

1972ರ 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ನೋಡಿದ ರಾತ್ರಿ ಮಾತ್ರ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿ ಗ್ರಿಮ್ಸ್‌ಡೈಕ್ ಎಂಬ ಮುದುಕನಿದ್ದಾನೆ. ಕಸ ಎತ್ತುವ ಕೆಲಸ. ಹೆಂಡತಿ ತೀರಿಕೊಂಡಿದ್ದಾಳೆ. ನಾಯಿಗಳನ್ನು ಸಾಕಿಕೊಂಡು, ಬೀದಿಯ ಮಕ್ಕಳಿಗೆ ಆಟಿಕೆ ಕೊಟ್ಟುಕೊಂಡು ಇದ್ದಾನೆ. ಎದುರುಮನೆಯ ಶ್ರೀಮಂತರಿಗೆ ಅವನ ಹಳೇ ಮನೆ ಕಣ್ಣುಕಿಸುರು. ನಾಯಿಗಳನ್ನು ಕಳೆಯುತ್ತಾರೆ, ಕೆಲಸ ಕಳೆಯುತ್ತಾರೆ, ಮಕ್ಕಳು ಬಾರದಂತೆ ಮಾಡುತ್ತಾರೆ. ಕೊನೆಗೆ ಊರಿನವರೇ ಬರೆದಂತೆ ಕೆಟ್ಟ ಕಾಗದಗಳನ್ನು ಕಳಿಸುತ್ತಾರೆ. ಮುದುಕ ನೇಣು ಹಾಕಿಕೊಳ್ಳುತ್ತಾನೆ. ವರ್ಷ ತುಂಬಿದ ದಿನ ಗೋರಿಯಿಂದ ಎದ್ದು ಬರುತ್ತಾನೆ.

ಪಾತ್ರ ಮಾಡಿದವನು ಕುಶಿಂಗ್. ಅವನ ಹೆಂಡತಿ ಹೆಲೆನ್ 1971ರ ಜನವರಿಯಲ್ಲಿ ತೀರಿಕೊಂಡಿದ್ದಳು. ಚಿತ್ರದಲ್ಲಿ ಮುದುಕ ಸತ್ತ ಹೆಂಡತಿಯ ಜೊತೆ ಮಾತಾಡುವಾಗ ಕರೆಯುವ ಹೆಸರೂ ಹೆಲೆನ್. ಆ ಕಣ್ಣುಗಳನ್ನು ನೋಡಿದರೆ ಅದು ಬರೀ ನಟನೆ ಅನ್ನಿಸುವುದಿಲ್ಲ.

ನನಗೆ ಕಂಡದ್ದು ಐದನೇ ಲೈನ್ ಮನೆ.

ಆ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಆ ಮುದುಕ ಸತ್ತಿದ್ದು ಹೇಗೆ?"

"ಸತ್ತಿದ್ದು ಯಾರ್ ಕಂಡ್ರು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಂಡಿ ಹೋಗಿತ್ತು, ಗುಂಡಿ ಹೊಡೆಯಕ್ಕಾಗ್ತಿರ್ಲಿಲ್ಲ. ಹೊಸಾ ಆಳಿಗೆ ಮನೆ ಬೇಕಿತ್ತು. ನಿಮ್ತಾತ ಕಳಿಸಿದ್ರು. ಜೂನ್ ತಿಂಗ್ಳು. ಜೋರು ಮಳೆ" ಅಂದವಳೇ ಸೌದೆ ಒಳಗೆ ತಳ್ಳಲು ಬಗ್ಗಿದಳು. ಎಲ್ಲಿಗೆ ಹೋದ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವನ ಹೆಸರು ಕೇಳಿದೆ. ಅದಕ್ಕೂ ಬರಲಿಲ್ಲ, ಮರೆತಿದ್ದಳೋ ಏನೋ. ಹೊಸ ಆಳೂ ಆ ಮನೆಯಲ್ಲಿ ನಿಲ್ಲಲಿಲ್ಲವಂತೆ.

ಮೂವತ್ತು ವರ್ಷ ನಮ್ಮ ತೋಟದ ಗುಂಡಿ ತೆಗೆದವನ ಹೆಸರು ನಮಗೆ ಗೊತ್ತಿಲ್ಲ. ಅವನ ದೆವ್ವ ಮಾತ್ರ ಗೊತ್ತು. ಅಜ್ಜಿ ನಮ್ಮನ್ನು ಹೆದರಿಸಲು ಆ ಕತೆ ಹೇಳುತ್ತಿದ್ದಳು ಎಂದುಕೊಂಡಿದ್ದೆ. ಪ್ರತಿ ಮಳೆಗಾಲದಲ್ಲೂ ಅವಳು ಅವನನ್ನು ಒಂದು ಸಲ ಜಗಲಿಗೆ ಕರೆದು ಕೂರಿಸುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಆ ಮನೆಯಲ್ಲಿ ನೇರವಾಗಿ ಹೇಳಲಾಗದ್ದನ್ನು ಹೇಳಲು ಅವಳಿಗೆ ದೆವ್ವ ಬೇಕಾಯಿತು.

ಈಗ ನಮ್ಮ ಗುಡ್ಡಗಳಲ್ಲಿ ಕತ್ತಲಿಗೆ ಹೆದರಲು ದೆವ್ವ ಬೇಕಿಲ್ಲ. ಕಾಡಾನೆ ಸಾಕು. ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ ಸಂಜೆ ಮೊಬೈಲಿಗೆ ಬರುತ್ತದೆ, ಬಾಗಿಲು ಹಾಕಿಕೊಳ್ಳುತ್ತೇವೆ. ಆ ಭಯ ಹೊರಗಿನದು, ಬೆಳಿಗ್ಗೆ ಆನೆ ದಾಟಿದರೆ ಮುಗಿಯಿತು. ಈ ಹಳೆಯ ಚಿತ್ರಗಳು ಕಾಡುವ ಭಯ ಬೇರೆ. 'ಟೇಲ್ಸ್ ಫ್ರಮ್ ದ ಕ್ರಿಪ್ಟ್'ನ ಕೊನೆಯಲ್ಲಿ ಕತೆಗಾರ ಐದೂ ಜನರನ್ನು ಕಳಿಸಿ, ಪರದೆಯಿಂದ ನಮ್ಮ ಕಡೆ ತಿರುಗುತ್ತಾನೆ, ಮುಂದಿನ ಸರದಿ ಯಾರದು ಎನ್ನುವಂತೆ.

ಐದನೇ ಲೈನ್ ಮನೆಯ ಹೆಂಚು ಹೋಗಿ ಗೋಡೆ ಮಾತ್ರ ಉಳಿದಿದೆ. ಕಳೆದ ಮಳೆಗಾಲದಲ್ಲಿ ಮೊದಲ ಸಲ ಅಲ್ಲಿಗೆ ಹೋದೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಒಂದು ಕಟ್ಟು ಬೀಡಿ ಇಟ್ಟು ಬಂದೆ.