ಏಳು ಹೆಜ್ಜೆಯ ಸಖ್ಯ

ಏಳು ಹೆಜ್ಜೆ ಒಡನೆ ನಡೆದವರು ಸಖರಾದರೆಂಬುದು ಪ್ರಾಚೀನರ ಮಾತು. ಆ ಸಖ್ಯವು ಕಳೆಯಲು ಎಷ್ಟು ಹೆಜ್ಜೆ ಬೇಕೆಂಬುದನ್ನು ಅವರು ಹೇಳಿದಂತೆ ಕಾಣದು. ಪಂಚತಂತ್ರದ ಮೊದಲನೆಯ ತಂತ್ರಕ್ಕೆ ಮಿತ್ರಭೇದವೆಂದು ಹೆಸರುಂಟು. ಆದರೆ ಅಲ್ಲಿ ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಮುರಿಯುವುದಕ್ಕೆ ದಮನಕನೆಂಬ ನರಿಯೊಂದು ಬೇಕಾಯಿತು. ನರಿಯಿಲ್ಲದೆ, ಕಲಹವಿಲ್ಲದೆ, ಒಂದು ಕಟುವಾದ ಮಾತೂ ಇಲ್ಲದೆ ಗೆಳೆಯರು ಅಗಲುವುದುಂಟು. ಇಟಲಿ ದೇಶದ ಫೆಡೆರಿಕೋ ಫೆಲಿನಿಯು 1953ರಲ್ಲಿ ತೆಗೆದ ‘ಇ ವಿಟೆಲ್ಲೋನಿ’ ಎಂಬ ಚಲಚ್ಚಿತ್ರದ ವಸ್ತುವು ಅಂತಹ ಅಗಲಿಕೆಯೇ. ಆ ವರ್ಷ ವೆನಿಸ್ ನಗರದ ಉತ್ಸವದಲ್ಲಿ ಅದಕ್ಕೆ ಬೆಳ್ಳಿಯ ಸಿಂಹದ ಬಹುಮಾನವು ದೊರೆಯಿತು.

ಆ ಹೆಸರಿಗೆ ಬಲಿತ ಕರುಗಳೆಂದು ಅರ್ಥ. ಮೈ ಬೆಳೆದರೂ ತಾಯಿಯ ಕೆಚ್ಚಲನ್ನು ಬಿಡದವರನ್ನು ಹೀಗೆ ಕರೆದಿದೆ. ಕನ್ನಡದ ‘ಉಂಡಾಡಿ’ ಎಂಬ ಮಾತು ಇದಕ್ಕೆ ಹತ್ತಿರವಾದುದೇ. ಆದರೆ ಉಂಡಾಡಿಯಲ್ಲಿ ನಗೆಯೇ ಹೆಚ್ಚು, ಕರುವೆಂಬಲ್ಲಿ ಸ್ವಲ್ಪ ಮರುಕವೂ ಬೆರೆತಿದೆ. ಫೌಸ್ಟೋ, ಆಲ್ಬೆರ್ಟೋ, ಲಿಯೊಪೋಲ್ಡೋ, ರಿಕಾರ್ಡೋ, ಮೊರಾಲ್ಡೋ ಎಂಬ ಐವರು ಗೆಳೆಯರು; ಎಲ್ಲರೂ ಮನೆಯ ಅನ್ನವನ್ನು ಉಂಡು ಕಾಲ ಕಳೆಯತಕ್ಕವರು. ಊರು ಕಡಲ ತೀರದ್ದು, ಅದಕ್ಕೆ ಹೆಸರಿಟ್ಟಿಲ್ಲ. ಫೆಲಿನಿಯು 1920ರಲ್ಲಿ ರಿಮಿನಿ ಎಂಬ ಅಂತಹುದೇ ಊರಿನಲ್ಲಿ ಹುಟ್ಟಿ, 1939ರಲ್ಲಿ ರೋಮ್ ನಗರಕ್ಕೆ ಹೊರಟುಹೋದವನೆಂಬುದನ್ನು ಬಲ್ಲವರಿಗೆ ಆ ಊರು ಯಾವುದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಐವರೂ ರಾತ್ರಿಯೆಲ್ಲ ಅದೇ ಬೀದಿಗಳನ್ನು ಸುತ್ತುವರು. ಚಳಿಗಾಲದ ಒಂದು ದಿನ ಬರಿದಾದ ಕಡಲ ತೀರದಲ್ಲಿ ನಿಂತು ನೀರನ್ನು ನೋಡುವರು. ಏಳು ಹೆಜ್ಜೆಯ ಲೆಕ್ಕದಲ್ಲಿ ಅವರ ಸಖ್ಯವು ಎಷ್ಟೋ ಸಾವಿರ ಸಲ ಸ್ಥಿರಪಟ್ಟಿರಬೇಕು. ಆದರೆ ಒಬ್ಬನ ದುಃಖವು ಇನ್ನೊಬ್ಬನಿಗೆ ತಿಳಿಯದು. ತಿಳಿದರೂ ಆಡತಕ್ಕದ್ದಲ್ಲವೆಂಬುದು ಅವರೊಳಗಿನ ಅಲಿಖಿತ ಶಾಸನ.

ಆಲ್ಬೆರ್ಟೋವಿನ ಸಂಗತಿಯನ್ನು ನೋಡಬಹುದು. ದುಡಿಯುವವಳು ಅವನ ಅಕ್ಕ ಓಲ್ಗಾ. ಅವಳ ಕೈಯಿಂದ ಹಣವನ್ನು ಪಡೆಯುತ್ತಲೇ ಮನೆತನದ ಮಾನದ ವಿಷಯದಲ್ಲಿ ಅವಳಿಗೆ ಉಪದೇಶ ಮಾಡುವುದಕ್ಕೆ ಇವನು ಹಿಂಜರಿಯನು. ಕಾರ್ನಿವಲ್ ಹಬ್ಬದ ರಾತ್ರಿ ಹೆಣ್ಣಿನ ವೇಷ ತೊಟ್ಟು, ಕುಡಿದು, ದೊಡ್ಡದೊಂದು ಕಾಗದದ ತಲೆಯನ್ನು ಎಳೆದುಕೊಂಡು, ಮೊರಾಲ್ಡೋವಿನ ಆಸರೆಯಲ್ಲಿ ಮನೆಗೆ ಬರುವನು. ಬೆಳಗಾಗುವ ಹೊತ್ತು, ಅಕ್ಕನು ತಾನು ಒಲಿದವನೊಡನೆ ಮನೆಯನ್ನು ಬಿಟ್ಟು ಹೊರಡುತ್ತಿರುವಳು. ಅಳುತ್ತಿರುವ ತಾಯಿಗೆ ತಾನು ಕೆಲಸ ಹುಡುಕುವೆನೆಂದು ಭರವಸೆ ಕೊಡುವನು; ಕೊಟ್ಟವನು ಆ ವೇಷದಲ್ಲಿಯೇ ನಿದ್ದೆ ಹೋಗುವನು. ನಕ್ಕವರ ನಗೆಯು ಇಲ್ಲಿ ಗಂಟಲಿನಲ್ಲಿಯೇ ನಿಲ್ಲುವುದು.

ಇದಕ್ಕಿಂತಲೂ ಕಠಿನವಾದುದು ಮೊರಾಲ್ಡೋವಿನ ಪಾಡು. ಅವನ ತಂಗಿ ಸಾಂಡ್ರಾಳನ್ನು ಬಸುರಿಯಾಗಿಸಿ ಓಡಿಹೋಗಲೆಳಸಿದ ಫೌಸ್ಟೋವಿಗೆ, ಅವನ ಮುದಿತಂದೆಯೇ ಅಡ್ಡನಿಂತು ಮದುವೆ ಮಾಡಿಸುವನು. ಮದುವೆಯಾದ ಮೇಲೆಯೂ ಫೌಸ್ಟೋವಿನ ನಡತೆ ನೆಟ್ಟಗಾಗದು. ದೇವರ ವಿಗ್ರಹ, ಮೇಣದಬತ್ತಿಗಳ ಅಂಗಡಿಯಲ್ಲಿ ಅವನಿಗೆ ಕೆಲಸ ದೊರೆಯುವುದು. ಒಡೆಯನ ಹೆಂಡತಿಯ ಮೇಲೆಯೇ ಕಣ್ಣಿಟ್ಟು ಅದನ್ನೂ ಕಳೆದುಕೊಳ್ಳುವನು. ಹಗೆ ತೀರಿಸಿಕೊಳ್ಳಲೆಂದು ಅಲ್ಲಿಂದ ದೇವದೂತನ ಮರದ ವಿಗ್ರಹವೊಂದನ್ನು ಕದಿಯುವಾಗ ಕೈ ಕೂಡಿಸುವವನು ಮೊರಾಲ್ಡೋ. ಒಂದು ಕಡೆ ಒಡಹುಟ್ಟಿದವಳು, ಇನ್ನೊಂದು ಕಡೆ ಗೆಳೆಯ. ಎಲ್ಲವನ್ನೂ ಕಾಣುವವನು ಇವನೊಬ್ಬನೇ, ಬಾಯಿ ಬಿಡದವನೂ ಇವನೇ. ಗೆಳೆಯನ ದೋಷವನ್ನು ಪರರಿಂದ ಮರೆಸುವುದು ಮಿತ್ರಧರ್ಮವೆಂಬುದು ನಿಜ. ಗೆಳೆಯನ ಎದುರಿನಲ್ಲಿಯೂ ಅದನ್ನು ಮರೆಸುವುದು ಯಾವ ಧರ್ಮವೋ! ಕೊನೆಗೆ ಸಾಂಡ್ರಾ ಕೂಸನ್ನೆತ್ತಿಕೊಂಡು ಮನೆ ಬಿಟ್ಟು ಹೋದಾಗ, ಫೌಸ್ಟೋವಿಗೆ ಬುದ್ಧಿ ಕಲಿಸುವುದು ಗೆಳೆಯರ ಮಾತಲ್ಲ, ತಂದೆಯ ಕೈಯ ಪಟ್ಟಿ. ಆಡಬೇಕಾದ ಹೊತ್ತಿನಲ್ಲಿ ಆಡದೆ ಉಳಿದ ಮಾತು ಮೊರಾಲ್ಡೋವನ್ನು ಆ ಗುಂಪಿನಿಂದ ಒಳಗೊಳಗೇ ಬೇರೆ ಮಾಡಿರುವುದು. ಅವನ ದೇಹವು ಊರು ಬಿಡುವುದು ತಡವಾಗಿ.

ಈ ನಡುವೆ ಅವನಿಗೆ ಇನ್ನೊಂದು ಪರಿಚಯವುಂಟು. ಗೆಳೆಯರೆಲ್ಲ ಮಲಗಲು ಹೋದ ಮೇಲೆ ಅವನೊಬ್ಬನೇ ಬೀದಿಯಲ್ಲಿ ಉಳಿಯುವನು. ಆ ಅಪರಾತ್ರಿಯಲ್ಲಿ ಗ್ವಿಡೋ ಎಂಬ ಎಳೆಯ ಹುಡುಗನು ರೈಲು ಸ್ಟೇಶನ್ನಿನ ಕೆಲಸಕ್ಕೆ ಹೊರಟಿರುವನು. ಇಬ್ಬರೂ ನಕ್ಷತ್ರಗಳ ಮಾತನ್ನಾಡುವರು. ದುಡಿಯುವ ಬಾಲಕನಿಗೂ ದುಡಿಯದ ತರುಣನಿಗೂ ನಡುವೆ ಕೆಲವೇ ಮಾತು; ಆದರೆ ಅವುಗಳಲ್ಲಿ ಮರೆಸುವಂತಹುದು ಏನೂ ಇಲ್ಲ.

ಒಂದು ಬೆಳಗಿನ ಜಾವ ಮೊರಾಲ್ಡೋ ಯಾರಿಗೂ ಹೇಳದೆ ರೈಲು ಹತ್ತುವನು. ಬೀಳ್ಕೊಡುವುದಕ್ಕೆ ಇರುವವನು ಆ ಹುಡುಗನೊಬ್ಬನೇ. ಎಲ್ಲಿಗೆ ಹೋಗುವೆಯೆಂದು ಕೇಳಿದರೆ ಮೊರಾಲ್ಡೋವಿಗೆ ಉತ್ತರವು ತಿಳಿಯದು. (ಅವನ ಮುಂದಿನ ಕಥೆಯನ್ನು ಫೆಲಿನಿಯು ಬರೆಸಿಟ್ಟಿದ್ದರೂ ಚಿತ್ರವಾಗಿ ತೆಗೆಯಲಿಲ್ಲ, ತೆಗೆಯದಿದ್ದುದೇ ಒಳ್ಳೆಯದಾಯಿತೇನೋ.) ಗಾಡಿಯು ಚಲಿಸಲು, ಹಾಸಿಗೆಗಳಲ್ಲಿ ಮಲಗಿರುವ ಗೆಳೆಯರು ಒಬ್ಬೊಬ್ಬರಾಗಿ, ಗಾಡಿಯ ಕಿಟಕಿಯಿಂದ ಕಂಡಂತೆ ಹಿಂದೆ ಸರಿಯುವರು. ಯಾರೊಬ್ಬನೂ ಕಣ್ಣು ತೆರೆಯನು.

ಹುಡುಗನು ಸ್ವಲ್ಪ ಹೊತ್ತು ಗಾಡಿಯನ್ನು ನೋಡುವನು. ಆಮೇಲೆ ಹಳಿಯ ಮೇಲೆ ಹತ್ತಿ, ಬೀಳದಂತೆ ಮೈಯನ್ನು ತೂಗಿಕೊಳ್ಳುತ್ತ, ಹೆಜ್ಜೆಯ ಮುಂದೆ ಹೆಜ್ಜೆಯಿಡುತ್ತ ಸ್ಟೇಶನ್ನಿನ ಕಡೆಗೆ ನಡೆಯುವನು.