ಅಜ್ಜ ತೋರಿಸಿದ ಹಗೇವು

ಬಸವಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಕರೆಂಟ್ ಹೋದಾಗ ನಾವು ಸುದ್ದಿ ಕಳಿಸೋದು ಅಲ್ಲಿ ಕೂತು. ಅಂಗಡಿ ನೋಡಿಕೊಳ್ಳೋ ಹುಡುಗಿ ಡಿಗ್ರಿ ಓದ್ತಾಳೆ, ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಕೊರಿಯಾದ ಸೀರಿಯಲ್ ನೋಡ್ತಾಳೆ. ಒಂದಿನ ಕೇಳಿದಳು: "ಸಾರ್, ಕೊರಿಯಾನೂ ಬ್ರಿಟಿಷರೇ ಆಳಿದ್ರಾ? ಇದರಲ್ಲಿ ಪೊಲೀಸರು ಬಂದ್ರೆ ಎಲ್ಲರೂ ತಲೆ ಬಗ್ಗಿಸಿ ನಿಂತ್ಕೋತಾರೆ."

ಬ್ರಿಟಿಷರಲ್ಲ, ಜಪಾನಿನವರು ಅಂತ ಹೇಳಿದೆವು. 1910ರಲ್ಲಿ ಜಪಾನು ಕೊರಿಯಾವನ್ನು ನುಂಗಿತು, 1945ರವರೆಗೆ ಆಳಿತು. ಕೊನೆ ಕೊನೆಗೆ ಶಾಲೆಯಲ್ಲಿ ಅವರ ಭಾಷೆಯನ್ನೇ ಕಿತ್ತು ಹಾಕಿದರು. 1940ರಿಂದ ಜನ ಜಪಾನಿ ಹೆಸರು ಇಟ್ಟುಕೊಳ್ಳಬೇಕು ಅಂತ ಒತ್ತಾಯ ಬೇರೆ. ಅವರಿಗೆ ಬಿಡುಗಡೆ ಸಿಕ್ಕಿದ ದಿನ ಯಾವುದು ಗೊತ್ತಾ ಅಂದರೆ ಹುಡುಗಿ ಸುಮ್ಮನಾದಳು. ಆಗಸ್ಟ್ 15. ನಮಗಿಂತ ಎರಡು ವರ್ಷ ಮೊದಲು. ಆ ದಿನವನ್ನು ಅವರು ಬೆಳಕು ಮರಳಿದ ದಿನ ಅಂತ ಕರೀತಾರೆ.

ಅವಳು ನೋಡ್ತಿದ್ದದ್ದು 'ಪಚಿಂಕೊ'. ಮೂಲದಲ್ಲಿ ಅದು ಕಾದಂಬರಿ. ಬರೆದವರು ಮಿನ್ ಜಿನ್ ಲೀ, ಕೊರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹೆಣ್ಣುಮಗಳು. 2017ರಲ್ಲಿ ಪುಸ್ತಕ, 2022ರಲ್ಲಿ ಸೀರಿಯಲ್. ಪುಸಾನ್ ಎಂಬ ಬಂದರಿನ ಹತ್ತಿರ ಬಾಡಿಗೆಯವರಿಗೆ ಊಟ ಹಾಕಿ ಬದುಕುವ ತಾಯಿ ಮಗಳ ಕತೆಯಿಂದ ಅದು ಶುರುವಾಗುತ್ತದೆ. ಅದರಲ್ಲಿ ರಾಜರಿಲ್ಲ, ಯುದ್ಧದ ಮೈದಾನವಿಲ್ಲ. ಒಂದು ಕಡೆ ಮಗಳ ಮದುವೆ ಆಗುತ್ತದೆ. ತಾಯಿ ಅಕ್ಕಿ ಅಂಗಡಿಗೆ ಹೋಗಿ ಸ್ವಲ್ಪ ಬಿಳಿ ಅಕ್ಕಿ ಕೊಡಿ ಅಂತ ಕೇಳುತ್ತಾಳೆ. ಆ ನೆಲದಲ್ಲೇ ಬೆಳೆದ ಅಕ್ಕಿ. ಆದರೆ ಒಳ್ಳೇ ಅಕ್ಕಿ ಜಪಾನಿನವರ ಪಾಲು, ಬೆಳೆದವರಿಗೆ ಬಾರ್ಲಿ, ನವಣೆ. ಊರಿಗೆ ಊಟ ಹಾಕೋದಕ್ಕಲ್ಲ ಅವಳು ಬೇಡಿದ್ದು. ಮದುಮಕ್ಕಳ ತಟ್ಟೆಗಾದರೂ ಇರಲಿ ಅಂತ ಅಷ್ಟೇ.

ಆ ಭಾಗ ಓದಿದ ದಿನ ನಮಗೆ ನಮ್ಮ ಮನೆ ಹಗೇವು ನೆನಪಾಯಿತು.

ಈಗಿನ ಹುಡುಗರಿಗೆ ಹಗೇವು ಅಂದರೆ ತಿಳಿಯಲಿಕ್ಕಿಲ್ಲ. ಅಂಗಳದಲ್ಲಿ ನೆಲದೊಳಗೆ ಗಡಿಗೆ ಆಕಾರದಲ್ಲಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ಕಾಳು ತುಂಬಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ಆಯಿತು. ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ. ಭದ್ರಾ ನಾಲೆ ಬರುವ ಮೊದಲು, ಅಡಿಕೆ ತೋಟಗಳು ಏಳುವ ಮೊದಲು, ಜೋಳ ರಾಗಿ ಬೆಳೆಯುವ ಕಾಲದಲ್ಲಿ ಅದೇ ನಮ್ಮವರ ಬ್ಯಾಂಕು. ಮೇಲೆ ಸೆಗಣಿ ಸಾರಿಸಿ ರಂಗೋಲಿ ಹಾಕಿಬಿಟ್ಟರೆ ಕೆಳಗೆ ಹಗೇವು ಇದೆ ಅಂತ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಊರಿನವರು ಯಾರಾದರೂ ತೋರಿಸಬೇಕು.

ನಮ್ಮ ಅಜ್ಜ ತೋರಿಸಿದ್ದರು.

ಎರಡನೇ ಮಹಾಯುದ್ಧದ ಕಾಲ ಅದು. 1942ರಲ್ಲಿ ಬರ್ಮಾ ಜಪಾನಿನ ಕೈ ಸೇರಿತು, ಅಲ್ಲಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಕೊರಿಯಾದ ಅಕ್ಕಿ ಒಯ್ದ ಅದೇ ಜಪಾನು. ಹೀಗೆ ಎಲ್ಲಿಯ ಪುಸಾನು, ಎಲ್ಲಿಯ ಬಸವಾಪಟ್ಟಣ! ಕಾಳಿಗೆ ಕಂಟ್ರೋಲ್ ಬಂತು, ರೈತರ ಮನೆಗೆ ಲೆವಿ ಬಂತು. ಅಜ್ಜನಿಗೆ ಶ್ಯಾನುಭೋಗರ ಹಿಂದೆ ದಫ್ತರ ಹೊತ್ತು ಓಡಾಡುವ ಕೆಲಸ. ಮೇಲಿನವರು ಬಂದಾಗ ಯಾರ ಅಂಗಳದಲ್ಲಿ ಎಲ್ಲಿ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ ಅಂತ ಕೋಲಿನಲ್ಲಿ ತೋರಿಸಿದ್ದು ಅವರೇ. ನಮ್ಮ ಮನೆ ಹಗೇವು ಮಾತ್ರ ತೆಗೆಯಲಿಲ್ಲವಂತೆ. ಇದನ್ನು ನಮಗೆ ಹೇಳಿದ್ದು ಮನೆಯವರಲ್ಲ. ಎದುರು ಬೀದಿಯ ಮುದುಕಿಯೊಬ್ಬರು, ಅದೂ ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ, ಬೇರೆ ಯಾವುದೋ ಜಗಳದ ಮಧ್ಯೆ. "ನಿಮ್ಮಜ್ಜ ಕೋಲು ಕುಟ್ಟಿದ್ದಕ್ಕೆ ನಮ್ಮವ್ವ ಹುಣಸೆ ಬೀಜ ಹುರಿದು ತಿಂದಾಳೆ" ಅಂದರು.

ಆಗ ನಮಗೆ ಹದಿನೆಂಟೋ ಹತ್ತೊಂಬತ್ತೋ. ಉತ್ತರ ಕೊಡಲಿಲ್ಲ.

ಜಿಲ್ಲಾ ವರದಿಗಾರರಾದ ಮೇಲೆ ಆಗಸ್ಟ್ ಬಂತೆಂದರೆ ನಮಗೆ ಒಂದು ಕಾಯಂ ಸುದ್ದಿ ಈಸೂರು. ಹೊನ್ನಾಳಿಯ ಆಚೆ, ಶಿಕಾರಿಪುರ ತಾಲ್ಲೂಕು. ನಮ್ಮಂಥವರು ಬರೆಯೋದು ಹೇಗೆ ಗೊತ್ತಲ್ಲ: ಹುತಾತ್ಮರ ಸ್ಮಾರಕಕ್ಕೆ ಮಾಲಾರ್ಪಣೆ, ಗಣ್ಯರ ಹೆಸರು, ಉಪಸ್ಥಿತರಿದ್ದರು. ನೂರೈವತ್ತು ಪದ, ಒಂದು ಫೋಟೋ. ಹೋದ ವರ್ಷದ ಸುದ್ದಿಯಲ್ಲಿ ಗಣ್ಯರ ಹೆಸರು ಬದಲಾಯಿಸಿ ಕಳಿಸಿದ್ದೂ ಉಂಟು, ಸುಳ್ಳು ಯಾಕೆ ಹೇಳೋದು.

1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತಾನು ಸ್ವತಂತ್ರ ಅಂತ ಸಾರಿಕೊಂಡಿತು. ವೀರಭದ್ರನ ಗುಡಿ ಮೇಲೆ ಬಾವುಟ ಹಾರಿಸಿದರು, ಕಂದಾಯ ಕೊಡೋದಿಲ್ಲ ಅಂದರು. ಹುಡುಗರಲ್ಲೇ ಜಯಪ್ಪ ಎಂಬಾತನನ್ನು ಅಮಲ್ದಾರ ಮಾಡಿದರು, ಮಲ್ಲಪ್ಪ ಎಂಬಾತನನ್ನು ಸಬ್ ಇನ್ಸ್‌ಪೆಕ್ಟರ್. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಜನ ಪಟ್ಟು ಹಿಡಿದರು. ಮಾತು ಬೆಳೆಯಿತು, ಗುಂಡು ಹಾರಿತು. ಜನ ತಿರುಗಿಬಿದ್ದು ಇಬ್ಬರನ್ನೂ ಹೊಡೆದು ಕೊಂದರು. ಆಮೇಲೆ ಪೊಲೀಸರು, ಸೈನಿಕರು ಊರಿಗೆ ನುಗ್ಗಿದರು, ಜನ ಕಾಡು ಹಿಡಿದರು. ಮೊಕದ್ದಮೆ ನಡೆದು 1943ರ ಮಾರ್ಚ್ 8ರಿಂದ 10ರೊಳಗೆ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಿದರು.

ಸತ್ತ ಅಧಿಕಾರಿಗಳು ಚನ್ನಕೃಷ್ಣಪ್ಪ ಮತ್ತು ಕೆಂಚೇಗೌಡ. ಹೆಸರು ನೋಡಿ. ಇಂಗ್ಲಿಷರಲ್ಲ. ನಮ್ಮ ಸುದ್ದಿಯಲ್ಲಿ ಈ ಹೆಸರುಗಳನ್ನು ನಾವು ಒಮ್ಮೆಯೂ ಬರೆದಿರಲಿಲ್ಲ.

ಅದೇ ಮಾರ್ಚ್ ತಿಂಗಳು 29ಕ್ಕೆ ಕಣ್ಣೂರು ಜೈಲಿನಲ್ಲಿ ಇನ್ನೂ ನಾಲ್ವರಿಗೆ ಗಲ್ಲಾಯಿತು. ಕಾಸರಗೋಡಿನ ಕಡೆಯ ಕಯ್ಯೂರಿನ ರೈತರು: ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್. ಆಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಅಲ್ಲಿ 1941ರಲ್ಲಿ ಮೆರವಣಿಗೆಯವರು ಎದುರು ಸಿಕ್ಕ ಒಬ್ಬ ಪೊಲೀಸ್ ಪೇದೆಯ ಕೈಗೆ ಕೆಂಬಾವುಟ ಕೊಟ್ಟು ನಡೆಸಿದರು. ಆತ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಅಲ್ಲೇ ಸತ್ತ. ಈಸೂರಿನಲ್ಲಿ ಟೋಪಿ, ಕಯ್ಯೂರಿನಲ್ಲಿ ಬಾವುಟ. ನೋಡಲು ಎಷ್ಟು ಸಣ್ಣ ವಿಷಯ.

ಕಯ್ಯೂರಿನ ಮೇಲೆ ನಿರಂಜನರು 1955ರಲ್ಲಿ 'ಚಿರಸ್ಮರಣೆ' ಕಾದಂಬರಿ ಬರೆದರು. ಡಿಪ್ಲೊಮಾ ಓದುವಾಗ ಮೇಷ್ಟ್ರೊಬ್ಬರು ಕೊಟ್ಟ, ರಟ್ಟು ಕಿತ್ತುಹೋದ ಪ್ರತಿ ನಮ್ಮ ಹತ್ತಿರ ಇನ್ನೂ ಇದೆ, ವಾಪಸ್ ಕೊಟ್ಟಿಲ್ಲ. ನಿರಂಜನರು ಹುಡುಗನಾಗಿದ್ದಾಗ ಕಯ್ಯೂರಿನ ಪಕ್ಕದ ನೀಲೇಶ್ವರದಲ್ಲಿ ಓದಿದವರು. ಮುಂದೆ ಗಲ್ಲಿಗೇರುವವರನ್ನು ಅವರು ಶಾಲೆಗೆ ಹೋಗುವ ಹುಡುಗರಾಗಿ ಮೊದಲು ತೋರಿಸುತ್ತಾರೆ. ಅಪ್ಪು ಚಿರುಕಂಡ ನಮಗೆ ಫೋಟೋದಲ್ಲಿ ಹಾರ ಹಾಕಿಸಿಕೊಂಡವರಾಗಿ ಉಳಿಯೋದಿಲ್ಲ, ಜಮೀನ್ದಾರನ ಮನೆ ಮುಂದೆ ಹಾದು ಹೋಗಲು ಹೆದರುವವರಾಗಿ ಸಿಗುತ್ತಾರೆ. ಕಾದಂಬರಿ ರೈತರ ಪರ, ಅದರಲ್ಲಿ ಮುಚ್ಚುಮರೆ ಇಲ್ಲ. ಇರಲಿ. ಅಂಥ ಪುಸ್ತಕವೂ ಬೇಕು. ಆದರೆ ನಮಗೆ ವಯಸ್ಸಾದಂತೆ ಪೇದೆಯ ಮನೆಯಲ್ಲಿ ಆ ರಾತ್ರಿ ಯಾರು ಕಾಯುತ್ತಿದ್ದರು ಅನ್ನೋದೂ ಕಾಡುತ್ತದೆ. ಆತನ ಮನೆಗೂ ಸಂಬಳದಿಂದಲೇ ಅಕ್ಕಿ ಬರಬೇಕಿತ್ತು.

ನಮ್ಮ ಕಡೆ ಇದು ಇನ್ನೂ ಗೋಜಲು, ಯಾಕೆಂದರೆ ಇದು ಮೈಸೂರು ಸೀಮೆ. ಎದುರಿಗೆ ಕಾಣುವ ಸರ್ಕಾರ ಮಹಾರಾಜರದ್ದು, ಅದರ ಹಿಂದೆ ಇಂಗ್ಲಿಷರು. 1830ರಲ್ಲಿ ನಗರ ಸೀಮೆಯ ರೈತರು ಅಮಲ್ದಾರರ ವಸೂಲಿ ತಾಳಲಾರದೆ ಕೂಟ ಕಟ್ಟಿ ಎದ್ದರು. ಅಲ್ಲೂ ದೂರು ಕಾಳು, ಕಂದಾಯದ್ದೇ. ನಮ್ಮೂರಿನಿಂದ ಹೋದ ತರೀಕೆರೆ ಪಾಳೇಗಾರರೂ ಅದರಲ್ಲಿ ಸೇರಿದರು. ಕೊನೆಗೆ ಆದದ್ದೇನು? ಅದನ್ನೇ ನೆಪ ಮಾಡಿ 1831ರಲ್ಲಿ ಇಂಗ್ಲಿಷರು ಇಡೀ ರಾಜ್ಯದ ಆಡಳಿತ ತಮ್ಮ ಕೈಗೆ ತೆಗೆದುಕೊಂಡರು, ಐವತ್ತು ವರ್ಷ ಬಿಡಲಿಲ್ಲ. ಇದನ್ನು ಮಾಲಾರ್ಪಣೆ ಸುದ್ದಿ ಮಾಡೋದು ಹೇಗೆ? ಕತೆಯಾಗಿ ಮಾತ್ರ ಹೇಳಬಹುದೇನೋ.

ನಾವೂ ಒಂದು ಕತೆ ಬರೆಯೋಣ ಅಂತ ಕೂತದ್ದಿದೆ. ಲೆವಿ ಕಾಲದ್ದು. ಹಗೇವಿನ ಮೇಲೆ ಮಲಗಿದ ಹೆಂಗಸು, ಕೋಲು ಹಿಡಿದ ಗಂಡಸು. ಎರಡು ಪುಟ ಆಗೋವಷ್ಟರಲ್ಲಿ ಆ ಗಂಡಸನ್ನು ಒಳ್ಳೆಯವನನ್ನಾಗಿ ಮಾಡಲು ಶುರು ಮಾಡಿದ್ದೆವು. ಅವನಿಗೊಂದು ಕಾಯಿಲೆ ಮಗು ಕೊಟ್ಟೆವು, ಶ್ಯಾನುಭೋಗರ ಬೆದರಿಕೆ ಕೊಟ್ಟೆವು. ಓದಿ ನೋಡಿದರೆ ಅದು ಕತೆಯಲ್ಲ, ವಕಾಲತ್ತು. ಹರಿದು ಹಾಕಿದೆವು. 'ಪಚಿಂಕೊ'ದಲ್ಲಿ ಆಳುವವರ ಜೊತೆ ವ್ಯಾಪಾರ ಮಾಡಿ ದೊಡ್ಡವನಾದ ಕೊರಿಯಾದವನೊಬ್ಬ ಇದ್ದಾನೆ. ಅವನನ್ನು ಆಕೆ ಕ್ಷಮಿಸೋದೂ ಇಲ್ಲ, ಉಗಿಯೋದೂ ಇಲ್ಲ. ಆ ಧೈರ್ಯ ನಮಗೆ ಸಾಲದು, ಅಜ್ಜನ ಪಂಚೆ ಮೇಲೆ ಮಲಗಿ ಬೆಳೆದವರು ನಾವು.

ಹೋದ ತಿಂಗಳು ದೊಡ್ಡಪ್ಪನ ಹತ್ತಿರ ನೇರವಾಗಿ ಕೇಳಿದೆವು. ಅವರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು, ಹಗೇವು ಇದ್ದ ಜಾಗದಲ್ಲೇ. ಅದನ್ನು ಎಂದೋ ಮಣ್ಣು ತುಂಬಿ ಸಿಮೆಂಟ್ ಹಾಕಿಸಿದ್ದಾರೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಹಗೇವು ತೆಗೀಲಿಲ್ಲ ಅಂತ ಯಾರು ಹೇಳಿದ್ದು? ಎಲ್ಲಕ್ಕಿಂತ ಮೊದಲು ತೆಗೆಸಿದ್ದೇ ಅದು. ಅವ್ವ ಒಂದು ವರ್ಷ ಅಪ್ಪನ ಕೂಡ ಮಾತಾಡಿರಲಿಲ್ಲ" ಅಂದರು.

ಎದುರು ಬೀದಿಯ ಆ ಮುದುಕಿ ಈಗಿಲ್ಲ. ಇಬ್ಬರಲ್ಲಿ ಯಾರ ಮಾತು ನಿಜ ಅಂತ ಯಾರನ್ನು ಕೇಳೋದು?

"ಬರೀತೀಯೇನು?" ದೊಡ್ಡಪ್ಪ ಕೇಳಿದರು.

ಹೂಂ ಅಂದೆವು.

"ಬರಿ. ಅಪ್ಪನ ಹೆಸರು ಹಾಕಬೇಡ."

ಹಾಕಿಲ್ಲ.